ಕೈ ಎತ್ತಿದವರು ಜಾಸ್ತಿ ಇದ್ದರೆ ಸಾಕಾ?

ನಾನು ಕೊಪ್ಪಳ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆರು, ಏಳು, ಎಂಟನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳು ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಸಂವಿಧಾನದ ಪೀಠಿಕೆ ಓದುತ್ತಾರೆ. ರಾಜ್ಯ ಸರ್ಕಾರ 2023ರಲ್ಲಿ ಇದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು. ಸಾರ್ವಭೌಮ, ಸಮಾಜವಾದಿ, ಎಲ್ಲಾ ಬಾಯಿಪಾಠ ಆಗಿದೆ. ಆದರೆ ಅದೇ ಮಕ್ಕಳನ್ನು "ಸರ್ಕಾರ ಅಂದರೆ ಯಾರು?" ಅಂತ ಕೇಳಿ ನೋಡಿ. ಎಮ್ಮೆಲ್ಲೆ ಅನ್ನುತ್ತಾರೆ, ತಹಶೀಲ್ದಾರ್ ಅನ್ನುತ್ತಾರೆ, ಪೊಲೀಸರು, ಪಿಡಿಒ, ರೇಷನ್ ಅಂಗಡಿಯವರು. ಒಬ್ಬ ಹುಡುಗ ನನ್ನ ಕಡೆಗೇ ಬೊಟ್ಟು ಮಾಡಿ "ನೀವ ರೀ ಟೀಚರ್, ನಿಮ್ಗ ಸರ್ಕಾರದ ಪಗಾರ ಬರ್ತೈತಲ್ಲ" ಅಂದ.

ಯಾವ ಉತ್ತರವೂ ಪೂರ್ತಿ ತಪ್ಪಲ್ಲ. ಆದರೆ ಎಲ್ಲದರಲ್ಲೂ ಒಂದೇ ಭಾವನೆ ಇತ್ತು. ಸರ್ಕಾರ ಅಂದರೆ ಮೇಲಿರುವವರು. ಅವರು ಕೊಡುತ್ತಾರೆ, ಅವರು ಗದರಿಸುತ್ತಾರೆ, ನಾವು ಕೈ ಕಟ್ಟಿಕೊಂಡು ಕೇಳಬೇಕು. ಆ ಮೇಲಿರುವವರಿಗೂ ಒಂದು ಗೆರೆ ಇದೆ, ಅದನ್ನು ಅವರು ದಾಟುವ ಹಾಗಿಲ್ಲ ಅನ್ನುವುದು ಒಬ್ಬರ ಬಾಯಲ್ಲೂ ಬರಲಿಲ್ಲ. ಅದಕ್ಕೇ 2024-25ರಲ್ಲಿ ಏಳನೇ ಕ್ಲಾಸಿಗೆ ಸಂವಿಧಾನವನ್ನು ಆ ಗೆರೆಯಿಂದಲೇ ಶುರು ಮಾಡಿದೆ. ವಿಧಿಗಳ ನಂಬರು ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟೆ. ಅದು ಹೇಗೆ ನಡೆಯಿತು ಅಂತ ಬರೆಯುತ್ತಿದ್ದೇನೆ. ಇದೇ ಪಾಠ ಹೇಳುವ ಬೇರೆ ಶಿಕ್ಷಕರಿಗೆ ಇದರಲ್ಲಿ ಏನಾದರೂ ಸಿಗಬಹುದು.

ಜೂನ್‌ನಲ್ಲಿ ಮೊದಲು ಒಂದು ಚಾರ್ಟ್ ಮಾಡಿಸಿದೆ. "ಯಾರು ಏನೇ ಹೇಳಲಿ, ಹೆಡ್‌ಮಾಸ್ಟರೇ ಹೇಳಲಿ, ಇಡೀ ಕ್ಲಾಸೇ ಹೇಳಲಿ, ಇದನ್ನು ಮಾತ್ರ ನಮ್ಮಿಂದ ಕಿತ್ತುಕೊಳ್ಳುವ ಹಾಗಿಲ್ಲ" ಅನ್ನುವಂಥದ್ದನ್ನು ಬರೆಯಿರಿ ಅಂದೆ. ಮೊದಲು ಬಂದಿದ್ದು ಕ್ರಿಕೆಟ್. ಚರ್ಚೆ ಮಾಡಿ ಅದನ್ನು ಅವರೇ ತೆಗೆದರು. ಕೊನೆಗೆ ಉಳಿದವು ಇವು: ಊಟ, ಕುಡಿಯುವ ನೀರು, ಶೌಚಾಲಯಕ್ಕೆ ಹೋಗಲು ಬಿಡುವುದು, ಹೊಡೆಯಬಾರದು, ಜಾತಿ ಹಿಡಿದು ಕರೆಯಬಾರದು, ಮಾತಾಡುವಾಗ ಬಾಯಿ ಮುಚ್ಚಿಸಬಾರದು. ನೋಡಿ, ಪುಸ್ತಕ ತೆರೆಯುವ ಮೊದಲೇ ಸಮಾನತೆ, ತಾರತಮ್ಯ ನಿಷೇಧ, ಅಸ್ಪೃಶ್ಯತೆ ನಿರ್ಮೂಲನೆ, ಮಾತಿನ ಸ್ವಾತಂತ್ರ್ಯ, ಬದುಕುವ ಹಕ್ಕು ಹೇಳುವ 14, 15, 17, 19, 21ನೇ ವಿಧಿಗಳ ಹತ್ತಿರ ಹತ್ತಿರ ಮಕ್ಕಳು ಬಂದುಬಿಟ್ಟಿದ್ದರು. ಆ ಚಾರ್ಟ್ ವರ್ಷವಿಡೀ ಗೋಡೆ ಮೇಲೆ ಇತ್ತು.

ಹೊಡೆಯಬಾರದು ಅನ್ನುವ ಸಾಲು ಸ್ಟಾಫ್ ರೂಮಿನಲ್ಲಿ ಚರ್ಚೆಗೆ ಬಂತು. ಹಕ್ಕು ಹಕ್ಕು ಅಂತ ಹೇಳಿಕೊಟ್ಟರೆ ನಾಳೆ ನಮ್ಮ ಮಾತು ಕೇಳುವವರು ಯಾರು ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಆತಂಕ ನನಗೆ ಅರ್ಥ ಆಗುತ್ತದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಇದು ನನಗೂ ಗೊತ್ತು, ಅವರಿಗೂ ಗೊತ್ತು. ಮಕ್ಕಳಿಗೆ ಮಾತ್ರ ಗೊತ್ತಾಗಬಾರದು ಅಂದರೆ ಹೇಗೆ? ಕಾನೂನು ಯಾರನ್ನು ಕಾಯಬೇಕೋ ಅವರಿಗೇ ಅದು ತಿಳಿಯದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ. ನಾನು ಆ ಸಾಲನ್ನು ತೆಗೆಯಲಿಲ್ಲ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋಯಿತು. ಮರುದಿನದಿಂದ ನಮ್ಮೂರಲ್ಲಿ ಬೇರೆ ಮಾತೇ ಇಲ್ಲ. ಎಡದಂಡೆ ನಾಲೆ ಕೆಳಗೆ ಭತ್ತ ಹಾಕಿದವರ ಮಕ್ಕಳು ಕ್ಲಾಸಿನಲ್ಲಿದ್ದಾರೆ. ಗಂಗಾವತಿ, ಕಾರಟಗಿ ಕಡೆ ನೆಂಟರಿರುವವರು ಇದ್ದಾರೆ. ಎಲ್ಲರ ಮನೆಯಲ್ಲೂ ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅನ್ನುವ ಚಿಂತೆ. ಪಾಠದ ಪ್ಲಾನ್ ಬದಿಗಿಟ್ಟು ಬೋರ್ಡ್ ಮೇಲೆ ಒಂದೇ ಪ್ರಶ್ನೆ ಬರೆದೆ: ಗೇಟ್ ರಿಪೇರಿ ಯಾರ ಕೆಲಸ?

ಎಮ್ಮೆಲ್ಲೆ ಕೆಲಸ ಅಂದರು. ಇಲ್ಲ, ಮುಖ್ಯಮಂತ್ರಿದು ಅಂದರು. ಡ್ಯಾಮ್ ನಮ್ಮ ಮುನಿರಾಬಾದ್ ಹತ್ತಿರ ಇರುವುದರಿಂದ ಅದು ಕೊಪ್ಪಳದ್ದು ಅಂತ ಒಬ್ಬಳು ಪಟ್ಟು ಹಿಡಿದಳು. ಹೊಸಪೇಟೆಯವರು ತಮ್ಮದು ಅನ್ನುತ್ತಾರಲ್ಲ ಅಂತ ಇನ್ನೊಬ್ಬ. ಆಗ ತುಂಗಭದ್ರಾ ಮಂಡಳಿಯ ವಿಷಯ ಹೇಳಿದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಬಂತು. ನದಿ ಒಂದೇ, ರಾಜ್ಯಗಳು ಬೇರೆ ಬೇರೆ. ಹಾಗಾಗಿ ಮಂಡಳಿಗೆ ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ, ಸದಸ್ಯರು ರಾಜ್ಯಗಳಿಂದ ಬರುತ್ತಾರೆ. ಈಗ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಅದರಲ್ಲಿವೆ. ನೀರು ರಾಜ್ಯಪಟ್ಟಿಯಲ್ಲಿದೆ, ಆದರೆ ರಾಜ್ಯದಿಂದ ರಾಜ್ಯಕ್ಕೆ ಹರಿಯುವ ನದಿಗಳ ನಿಯಂತ್ರಣದ ಬಗ್ಗೆ ಸಂಸತ್ತು ಕಾನೂನು ಮಾಡಬಹುದು, ಅದು ಕೇಂದ್ರಪಟ್ಟಿಯ 56ನೇ ನಮೂದು. ಕೇಂದ್ರ, ರಾಜ್ಯಗಳಿಗೆ ಅಧಿಕಾರ ಹಂಚುವ ಏಳನೇ ಅನುಸೂಚಿ ಅನ್ನುವುದನ್ನು ಪರೀಕ್ಷೆಗೆ ಅಂತ ಓದಿದರೆ ಮೂರು ಪಟ್ಟಿಗಳ ಹೆಸರು ಮಾತ್ರ ನೆನಪಿರುತ್ತದೆ. ಅವತ್ತು ನೀರು ಹೋಗುತ್ತಿರುವಾಗ ಓದಿದ್ದು ಹಾಗಲ್ಲ. ಆ ವಾರದ ಕೊನೆಗೆ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ತಡೆ) ಇಳಿಸಿದ ಸುದ್ದಿ ಬಂದಾಗ ಮಕ್ಕಳು ಪೇಪರ್ ಕಟಿಂಗ್ ತಂದು ಚಾರ್ಟ್ ಪಕ್ಕ ಅಂಟಿಸಿದರು.

ಸೆಪ್ಟೆಂಬರ್ 17 ನಮ್ಮಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಧ್ವಜ ಹಾರಿಸುತ್ತೇವೆ, ಸಿಹಿ ಹಂಚುತ್ತೇವೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಮಗೆ 1948ರ ತನಕ ಯಾಕೆ ಕಾಯಬೇಕಾಯಿತು ಅಂತ ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿದೆ. ಅಜ್ಜ ಅಜ್ಜಿಯರು ತಾವು ಸಣ್ಣವರಿದ್ದಾಗ ಕೇಳಿದ್ದನ್ನು ಹೇಳಿ ಕಳಿಸಿದ್ದರು. ನಮ್ಮ ಭಾಗ ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರ ಪರ ಇದ್ದ ರಜಾಕಾರರ ಪಡೆಯ ಕಾಟ, ರಾತ್ರೋರಾತ್ರಿ ಗಡಿ ದಾಟಿ ಹೋದದ್ದು, ಗಡಿಯಾಚೆ ಹೋರಾಟಗಾರರು ಕಟ್ಟಿಕೊಂಡ ಮುಂಡರಗಿ ಶಿಬಿರ. ಆ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಹೆಸರು ನಮ್ಮ ಕಡೆ ಹಿರಿಯರಿಗೆ ಇನ್ನೂ ನೆನಪಿದೆ. ಅವರು 1952ರ ಮೊದಲ ಚುನಾವಣೆಯಲ್ಲಿ ಲೋಕಸಭೆಗೆ ಆರಿಸಿ ಹೋದರು. ನಾಲ್ಕೇ ವರ್ಷದ ಹಿಂದೆ ಆಳುವವರ ವಿರುದ್ಧ ಗಡಿಯಲ್ಲಿ ನಿಂತು ಹೋರಾಡಿದ ಮನುಷ್ಯ ಈಗ ಜನರ ಓಟಿನಿಂದ ದಿಲ್ಲಿಗೆ ಹೋಗಿ ಸರ್ಕಾರವನ್ನು ಪ್ರಶ್ನೆ ಕೇಳಬಹುದು. ಈ ಬದಲಾವಣೆಯನ್ನು ತೋರಿಸುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ.

ಫರ್ಮಾನು ಅಂದರೆ ಏನು ಅಂತ ಆಗ ಹೇಳಿದೆ. ನಿಜಾಮರ ಅಪ್ಪಣೆಯೇ ಕಾನೂನು, ಆದರೆ ಆ ಕಾನೂನು ನಿಜಾಮರಿಗೆ ತಾಗುವುದಿಲ್ಲ. ಸಂವಿಧಾನ ಬಂದ ಮೇಲೆ ಕಾನೂನು ಮಾಡುವವರೂ ಕಾನೂನಿನ ಒಳಗೇ ಇರಬೇಕು. ನಿಜಾಮರು ಆಮೇಲೂ 1956ರ ತನಕ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು, ಅಂದರೆ ರಾಜ್ಯಪಾಲರಂಥ ಹುದ್ದೆ, ಆದರೆ ಆಗ ಅವರೂ ಸಂವಿಧಾನದ ಕೆಳಗೆ. ಮಕ್ಕಳಿಗೆ ಇದು ಬಹಳ ಹಿಡಿಸಿತು. "ಅಂದ್ರ ಅವ್ರ ಮ್ಯಾಲೂ ಒಂದು ಪುಸ್ತಕ ಬಂತು" ಅಂದಳು ಒಬ್ಬ ಹುಡುಗಿ.

ಇನ್ನು ಮುಖ್ಯ ವಿಷಯ. ದಸರಾ ರಜೆಗೆ ಮೊದಲು ಕ್ಲಾಸನ್ನು ವಿಧಾನಸಭೆ ಮಾಡಿದೆ. ಏಳನೇ ಕ್ಲಾಸು ವಿಧಾನಸಭೆ, ಎಂಟನೇ ಕ್ಲಾಸಿನ ಕೆಲವರು ವಿಧಾನ ಪರಿಷತ್ತು, ಒಬ್ಬ ಹುಡುಗಿ ಸಭಾಧ್ಯಕ್ಷೆ, ಹೆಡ್‌ಮಾಸ್ಟರ್ ರಾಜ್ಯಪಾಲರು. ಶಾಲೆಗೆ ಬೇಕಾದ ಒಂದು ಕಾನೂನು ಮಾಡಿ ಅಂದೆ. ಅವರು ಆರಿಸಿಕೊಂಡಿದ್ದು ತಡವಾಗಿ ಬರುವವರ ಸಮಸ್ಯೆ. ಮಸೂದೆ ಮಂಡಿಸಿದರು, ಒಂದೊಂದು ಸಾಲಿಗೂ ತಿದ್ದುಪಡಿ ತಂದರು, ಕೈ ಎತ್ತಿದರು, ಪರಿಷತ್ತಿಗೆ ಕಳಿಸಿದರು, ಅಂಕಿತ ಹಾಕಿಸಿಕೊಂಡರು. ಕೊನೆಗೆ ಪಾಸಾದ ಕಾನೂನು: ಮೂರು ದಿನ ತಡವಾಗಿ ಬಂದವರಿಗೆ ನಾಲ್ಕನೇ ದಿನ ಬಿಸಿಯೂಟ ಇಲ್ಲ.

ನಾನು ಮಧ್ಯೆ ಬಾಯಿ ಹಾಕಲಿಲ್ಲ. ಜಾರಿಗೆ ತರುವುದಕ್ಕೂ ಬಿಡಲಿಲ್ಲ. ರಜೆ ಮುಗಿದ ಮೇಲೆ ಜಾರಿ, ಅಷ್ಟರಲ್ಲಿ ಯಾರಿಗಾದರೂ ತಕರಾರು ಇದ್ದರೆ ಬರೆದು ಕೊಡಬಹುದು ಅಂದೆ. ರಜೆ ಮುಗಿಸಿ ಬಂದ ಮೊದಲ ವಾರದಲ್ಲೇ ಒಂದು ಚೀಟಿ ಬಂತು. ಬರೆದವಳು ದಿನಾ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುವ ಹುಡುಗಿ. ಅವಳ ಅವ್ವ ಬೆಳಿಗ್ಗೆ ಕೂಲಿಗೆ ಹೋಗುತ್ತಾಳೆ. ಚೀಟಿಯಲ್ಲಿ ಎರಡೇ ಸಾಲು ಇತ್ತು. ತಡ ಆಗುವುದು ನನ್ನ ತಪ್ಪಲ್ಲ, ಮತ್ತು ಚಾರ್ಟ್‌ನಲ್ಲಿ ಊಟ ಅಂತ ಮೊದಲೇ ಬರೆದಿದೆ.

ಮೂವರು ಮಕ್ಕಳನ್ನು ನ್ಯಾಯಾಧೀಶರು ಮಾಡಿದೆ. ವಾದ ನಡೆಯಿತು. ಕಾನೂನಿನ ಪರ ಮಾತಾಡಿದ ಹುಡುಗ ಚೆನ್ನಾಗಿಯೇ ವಾದಿಸಿದ, ತಡವಾಗಿ ಬಂದರೆ ಎಲ್ಲರ ಪಾಠ ಕೆಡುತ್ತದೆ, ಶಿಸ್ತು ಬೇಕು, ನಾವೆಲ್ಲಾ ಸೇರಿ ಒಪ್ಪಿದ್ದೇವೆ ಅಂತ. ನ್ಯಾಯಾಧೀಶರು ಗುಸುಗುಸು ಮಾತಾಡಿಕೊಂಡು, ಚಾರ್ಟ್ ಹತ್ತಿರ ಹೋಗಿ ಓದಿಕೊಂಡು ಬಂದು, ಕಾನೂನು ನಡೆಯುವುದಿಲ್ಲ ಅಂದುಬಿಟ್ಟರು. ಕ್ಲಾಸಿನಲ್ಲಿ ಗದ್ದಲ ಎದ್ದಿತು.

"ಎಲ್ಲಾರೂ ಕೈ ಎತ್ತೇವಿ ಟೀಚರ್. ಮೂರ್ ಮಂದಿ ಕುಂತು ಹೆಂಗ ತೆಗೀತಾರ್ರೀ? ಅವ್ರಿಗೆ ಯಾರ್ ಓಟ್ ಹಾಕ್ಯಾರ?"

ನಾನು ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬಂದಿಲ್ಲ. ದೊಡ್ಡ ದೊಡ್ಡ ವಕೀಲರೂ ಇದರ ಮೇಲೆ ಇನ್ನೂ ವಾದ ಮಾಡುತ್ತಾರೆ. ನಾನು ಉತ್ತರ ಹೇಳುವ ಬದಲು ಕೇಳಿದೆ: ಜೂನ್‌ನಲ್ಲಿ ಆ ಚಾರ್ಟ್ ಬರೆದವರು ಯಾರು? ನಾವೇ. ಮೇಲೆ ಏನು ಬರೆದಿದ್ದೀರಿ, ಜೋರಾಗಿ ಓದಿ. "ಇಡೀ ಕ್ಲಾಸೇ ಹೇಳಲಿ" ಅನ್ನುವ ಮಾತು ಬಂದ ಕೂಡಲೇ ಗದ್ದಲ ಕಮ್ಮಿ ಆಯಿತು. ಸಿಟ್ಟು, ಅವಸರ ಇಲ್ಲದಾಗ ಕೂತು ಬರೆದ ಮಾತು ಅದು. ಸಿಟ್ಟು ಬಂದ ದಿನ ಮಾಡಿದ ಕಾನೂನನ್ನು ಆ ಮಾತಿನ ಪಕ್ಕ ಇಟ್ಟು ನೋಡುವುದೇ ಕೋರ್ಟಿನ ಕೆಲಸ. ನಮ್ಮ ಸಂವಿಧಾನದ 13ನೇ ವಿಧಿ ಹೇಳುವುದೂ ಅದನ್ನೇ, ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಆ ವಿರೋಧ ಇರುವಷ್ಟು ಮಟ್ಟಿಗೆ ಅಸಿಂಧು.

ಆಮೇಲೆ ಅವರು ಉಣ್ಣುವ ಬಿಸಿಯೂಟದ ಕಥೆಯನ್ನೇ ಹೇಳಿದೆ. 2001ರಲ್ಲಿ ರಾಜಸ್ಥಾನದಲ್ಲಿ ಬರ. ಗೋದಾಮಿನಲ್ಲಿ ಧಾನ್ಯ ರಾಶಿ ಬಿದ್ದಿದೆ, ಹೊರಗೆ ಜನ ಹಸಿದಿದ್ದಾರೆ. ಪಿಯುಸಿಎಲ್ ಅನ್ನುವ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 21ನೇ ವಿಧಿಯಲ್ಲಿ ಬದುಕುವ ಹಕ್ಕು ಅಂತ ಇದೆಯಲ್ಲ, ಊಟ ಇಲ್ಲದೆ ಬದುಕುವುದು ಹೇಗೆ ಅಂತ ಕೇಳಿತು. ಸರ್ಕಾರಿ ಪ್ರಾಥಮಿಕ ಶಾಲೆ ಮಕ್ಕಳಿಗೆ ಬೇಯಿಸಿದ ಊಟ ಕೊಡಿ ಅಂತ 2001ರ ನವೆಂಬರ್ 28ರಂದು ಕೋರ್ಟ್ ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾಗಿದ್ದೇ ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿದ ಈ ಕಡೆಯ ಜಿಲ್ಲೆಗಳಲ್ಲಿ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಎಂಟನೇ ತರಗತಿಯ ತನಕ ಶಾಲೆಯ ಊಟ ಮಕ್ಕಳ ಕಾನೂನುಬದ್ಧ ಹಕ್ಕು. ಅಂದರೆ ಆ ಹುಡುಗಿಯ ಚೀಟಿ ನಿಜವಾದ ಕೋರ್ಟಿನಲ್ಲೂ ನಿಲ್ಲುತ್ತಿತ್ತು. ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಹಾಗಾದರೆ ಚಾರ್ಟ್ ಬದಲಾಯಿಸುವ ಹಾಗೇ ಇಲ್ಲವಾ ಅಂತ ಮುಂದಿನ ಪ್ರಶ್ನೆ ತಾನಾಗಿ ಬಂತು. ಬದಲಾಯಿಸಬಹುದು. ನಮ್ಮ ಮನೆಗಳಿಗೇ ತಾಗಿದ ಬದಲಾವಣೆ ಒಂದಿದೆ. 371ಜೆ. ಅಣ್ಣ ಅಕ್ಕಂದಿರು ಸೀಟಿಗೆ, ಕೆಲಸಕ್ಕೆ ಅರ್ಜಿ ಹಾಕುವಾಗ ಆ ಸರ್ಟಿಫಿಕೇಟಿಗೆ ಓಡಾಡುವುದನ್ನು ಮಕ್ಕಳು ನೋಡಿದ್ದಾರೆ. ಅದು ಸಂವಿಧಾನಕ್ಕೆ 98ನೇ ತಿದ್ದುಪಡಿಯಿಂದ ಬಂದ ವಿಧಿ. ಅದರ ಆಧಾರದ ಮೇಲೆ ಈ ಭಾಗದ ಸ್ಥಳೀಯರಿಗೆ ಇಲ್ಲಿನ ಸಿ ಗ್ರೂಪ್ ಹುದ್ದೆಗಳಲ್ಲಿ ಶೇ 80, ಡಿ ಗ್ರೂಪ್‌ನಲ್ಲಿ ಶೇ 85 ಮೀಸಲು ಇದೆ. ಈ ಭಾಗದ ಹೋರಾಟಗಾರರು ವರ್ಷಗಟ್ಟಲೆ ಕೇಳಿ ಕೇಳಿ ತರಿಸಿದ ಸಾಲು ಅದು. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಹೆಮ್ಮೆ ಆಗುತ್ತದೆ, ಯಾಕೆಂದರೆ ಸಂವಿಧಾನ ಅಂದರೆ ದಿಲ್ಲಿಯದ್ದು ಅಂದುಕೊಂಡ ಮಕ್ಕಳಿಗೆ ಅದರೊಳಗೆ ತಮ್ಮ ಊರಿಗೂ ಜಾಗ ಇದೆ ಅಂತ ತೋರಿಸಿದ ಹಾಗಾಗುತ್ತದೆ.

ಆದರೆ ಎಲ್ಲವನ್ನೂ ಬದಲಾಯಿಸಬಹುದಾ? ಇಲ್ಲಿ ಕೇಶವಾನಂದ ಭಾರತಿ ಸ್ವಾಮಿಗಳ ಕೇಸು ಹೇಳಿದೆ. ಇದು ಏಳನೇ ಕ್ಲಾಸಿಗೆ ಜಾಸ್ತಿ ಆಯಿತು ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆ ನೋಡಿ ಬೆಳೆದ ಮಕ್ಕಳಿಗೆ ಮಠ, ಸ್ವಾಮಿಗಳು, ಮಠದ ಜಮೀನು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಕೋರ್ಟಿಗೆ ಹೋದರು. ಕೇಸು ಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಅನ್ನುವಲ್ಲಿಗೆ ಬಂತು. 13 ನ್ಯಾಯಮೂರ್ತಿಗಳು ಕೂತು ಕೇಳಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ. ಮಕ್ಕಳು ಕೂಡಲೇ ತಮ್ಮ ಚಾರ್ಟ್‌ನಲ್ಲಿ ಯಾವುದು ಮೂಲ, ಯಾವುದು ಅಲ್ಲ ಅಂತ ಜಗಳಕ್ಕೆ ಬಿದ್ದರು. ಮಾತಾಡುವ ಹಕ್ಕು ತೆಗೆದರೆ ಉಳಿದವುಗಳನ್ನು ಕೇಳುವುದಕ್ಕೇ ಆಗುವುದಿಲ್ಲ, ಅದೇ ಮೂಲ ಅಂತ ಒಬ್ಬ ವಾದಿಸಿದ. ಅವನಿಗೆ ಈ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತಡವಾಗಿ ಬರುವವರ ಕಾನೂನು ಏನಾಯಿತು ಅಂತ ಕೇಳುತ್ತೀರಿ ಅಲ್ವಾ? ತಿದ್ದಿ ಬರೆದರು. ಕಾರಣ ಕೇಳಬೇಕು, ಕಾರಣ ಇಲ್ಲದಿದ್ದರೆ ಸಂಜೆ ಗಿಡಗಳಿಗೆ ನೀರು ಹಾಕಬೇಕು. ಇದು ಸುಮಾರಾಗಿ ನಡೆಯುತ್ತಿದೆ.

ನಮ್ಮ ಕ್ಲಾಸಿನ ಕೋರ್ಟು ನಡೆಯುತ್ತಿದ್ದ ದಿನಗಳಲ್ಲೇ, ಅಕ್ಟೋಬರ್ 24ರಂದು ಮರಕುಂಬಿ ಪ್ರಕರಣದ ತೀರ್ಪು ಬಂತು. ಗಂಗಾವತಿ ತಾಲೂಕಿನ ಆ ಊರಿನಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಿಂಸೆಗೆ ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಟಿವಿಯಲ್ಲಿ ಎಲ್ಲರೂ ನೋಡಿದ್ದರು. ನನ್ನ ಕ್ಲಾಸಿನಲ್ಲಿ ಎಲ್ಲಾ ಕೇರಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಂಥ ವಿಷಯವನ್ನು ಮಾತಾಡದೆ ದಾಟಿಬಿಡುವುದು ಸುಲಭ. ಆದರೆ 17ನೇ ವಿಧಿಯನ್ನು, ಅಸ್ಪೃಶ್ಯತೆ ನಿರ್ಮೂಲನೆಯನ್ನು, ಕೊಪ್ಪಳ ಜಿಲ್ಲೆಯಲ್ಲಿ ಕೂತು ದೂರದ ಊರಿನ ಕಥೆಯಂತೆ ಹೇಳುವುದು ಸರಿಯಲ್ಲ. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ಮಗು ಗುಡಿಯೊಳಗೆ ಓಡಿತು ಅಂತ ಮನೆಯವರಿಗೆ ದಂಡ ಹಾಕಿದ್ದನ್ನೂ ಹೇಳಿದೆ. ಎರಡು ವರ್ಷ ಅಂದಾಗ ಕ್ಲಾಸು ಪೂರ್ತಿ ಸುಮ್ಮನಾಯಿತು. ತಮ್ಮ ಮನೆಯ ಆ ವಯಸ್ಸಿನ ತಮ್ಮ ತಂಗಿಯರು ಎಲ್ಲರ ಕಣ್ಣ ಮುಂದೆ ಬಂದಿರಬೇಕು. "ಆ ದಂಡ ಹಾಕಾಕ ಅವ್ರಿಗೆ ಯಾರ್ ಅಧಿಕಾರ ಕೊಟ್ಟಿದ್ರು?" ಅಂತ ಒಬ್ಬಳು ಕೇಳಿದಳು. ವರ್ಷವಿಡೀ ನಾನು ಕೇಳಿಸಿಕೊಳ್ಳಬೇಕು ಅಂತಿದ್ದ ಪ್ರಶ್ನೆಯೇ ಅದು.

ನವೆಂಬರ್‌ನಲ್ಲಿ ಮರಕುಂಬಿ ಪ್ರಕರಣದಲ್ಲಿ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಜಿಲ್ಲಾ ಕೋರ್ಟ್ ತಪ್ಪು ಮಾಡಿತಾ ಅಂತ ಮಕ್ಕಳು ಕೇಳಿದರು. ಹಾಗಲ್ಲ, ಮೇಲ್ಮನವಿ ಇನ್ನೂ ಬಾಕಿ ಇರುವಾಗ ಜಾಮೀನು ಕೊಡಬಹುದು, ಅದು ಖುಲಾಸೆ ಅಲ್ಲ ಅಂತ ಬಿಡಿಸಿ ಹೇಳಿದೆ. ಜಿಲ್ಲಾ ಕೋರ್ಟ್, ಅದರ ಮೇಲೆ ಹೈಕೋರ್ಟ್, ಅದರ ಮೇಲೆ ಸುಪ್ರೀಂ ಕೋರ್ಟ್ ಅನ್ನುವ ಚಿತ್ರ ಪುಸ್ತಕದಲ್ಲಿದೆ. ಯಾಕೆ ಒಂದರ ಮೇಲೊಂದು ಬೇಕು ಅನ್ನುವುದು ಅವತ್ತು ಗೊತ್ತಾಯಿತು.

ಮಕ್ಕಳ ಹಕ್ಕುಗಳ ಗ್ರಾಮಸಭೆಗೆ ನಮ್ಮ ಮಕ್ಕಳು ಆ ಸಲ ತಯಾರಾಗಿ ಹೋದರು. ಬೇಡಿಕೆಗಳನ್ನು ಮೊದಲೇ ವಿಂಗಡಿಸಿದ್ದೆವು. ಶಾಲೆ ಮುಂದಿನ ಚರಂಡಿ, ಬೀದಿ ದೀಪ ಪಂಚಾಯಿತಿಯದ್ದು. ಬೆಳಗಿನ ಬಸ್ಸು ಸಾರಿಗೆ ಸಂಸ್ಥೆಯದ್ದು, ಅದಕ್ಕೆ ಪಂಚಾಯಿತಿ ಠರಾವು ಮಾಡಿ ಡಿಪೋಗೆ ಕಳಿಸಬಹುದು. ಕಾಂಪೌಂಡ್ ವಿಷಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ಹೋಗಬೇಕು. ಒಬ್ಬ ಹುಡುಗ ಸಭೆಯಲ್ಲಿ ಎದ್ದು ನಮ್ಮ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ ಅಂತ ಕೇಳಿದ. ಬರೆದುಕೊಂಡರು. ಚರಂಡಿ ಆಯಿತು, ದೀಪ ಆಯಿತು. ಬಸ್ಸು ಇನ್ನೂ ಬಂದಿಲ್ಲ, ಮಕ್ಕಳು ನೆನಪೋಲೆ ಬರೆದಿದ್ದಾರೆ.

ಬಾಲ್ಯವಿವಾಹದ ಪಾಠವನ್ನು ಎಂಟನೇ ಕ್ಲಾಸಿನ ಹುಡುಗಿಯರ ಜೊತೆ ಬೇರೆಯಾಗಿ ಮಾಡಿದೆ. ಇಲ್ಲಿ ಕಾನೂನು ಮನೆಯೊಳಗೆ ಬರುತ್ತದೆ, ಅವ್ವ ಅಪ್ಪನ ಮಾತಿಗೆ ಎದುರು ನಿಲ್ಲುತ್ತದೆ. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲು ಮಾಡಿದ ಮದುವೆ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಯಾರು ಬರುತ್ತಾರೆ, ಏನು ಕೇಳುತ್ತಾರೆ, ಮನೆಯವರನ್ನು ಆ ಕೂಡಲೇ ಜೈಲಿಗೆ ಹಾಕುತ್ತಾರಾ, ಇವೇ ಅವರ ಪ್ರಶ್ನೆಗಳು. ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಡಬೇಕು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಅಂತ ಎಲ್ಲರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿದೆ.

ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಇದ್ದೇ ಇರುತ್ತದೆ, ಅದಕ್ಕೂ ತಯಾರು ಮಾಡಿಸಿದೆ. ಆದರೆ ನನ್ನ ಕಿರುಪರೀಕ್ಷೆಯಲ್ಲಿ ಇದ್ದದ್ದು ಸನ್ನಿವೇಶಗಳು. ಗ್ರಾಮ ಪಂಚಾಯಿತಿ ಒಂದು ಕೇರಿಗೆ ನಲ್ಲಿ ಕೊಡುವುದಿಲ್ಲ ಅಂತ ಠರಾವು ಮಾಡಿದೆ, ಎಲ್ಲಾ ಸದಸ್ಯರೂ ಒಪ್ಪಿದ್ದಾರೆ, ಇದು ನಡೆಯುತ್ತದಾ, ಯಾಕೆ, ನೀವಾಗಿದ್ದರೆ ಯಾರ ಹತ್ತಿರ ಹೋಗುತ್ತೀರಿ? ಓದಿನಲ್ಲಿ ಹಿಂದೆ ಇದ್ದಾರೆ ಅಂತ ನಾವು ಅಂದುಕೊಳ್ಳುವ ಮಕ್ಕಳು ಇದಕ್ಕೆ ಒಂದೊಂದು ಪುಟ ಬರೆದರು. ಕಾಗುಣಿತ ತಪ್ಪಿತ್ತು, ನಂಬರು ಕೊಟ್ಟೆ.

ಈ ವರ್ಷ ಆರನೇ ಕ್ಲಾಸಿನಿಂದಲೇ ಚಾರ್ಟ್ ಶುರು ಮಾಡಿದ್ದೇನೆ. ಎಂಟನೇ ಕ್ಲಾಸಿಗೆ ಬಜೆಟ್ ಕೊಟ್ಟಿದ್ದೇನೆ, ಶಾಲೆ ಅನುದಾನದ ಲೆಕ್ಕ ಓದಿ ತಾವೇ ಒಂದು ಮಂಡಿಸಬೇಕು. ಮಕ್ಕಳಿಗೆ ಯಾಕೆ ಓಟಿಲ್ಲ ಅನ್ನುವ ಪ್ರಶ್ನೆ ಬಂದಿದೆ. 21 ಇದ್ದದ್ದನ್ನು 1989ರಲ್ಲಿ 18 ಮಾಡಿದರು, 61ನೇ ತಿದ್ದುಪಡಿ ಅಂತ ಹೇಳಿದೆ. ಹಾಗಾದರೆ 16 ಯಾಕಾಗಬಾರದು ಅಂತ ಒಂದು ಗುಂಪು ಮಸೂದೆ ಬರೆಯುತ್ತಿದೆ. ಮುಂದಿನ ವಾರ ಮಂಡನೆ.